ಎಲ್ಲರ ಮನೆಯ ದೋಸೆಯೂ ತೂತೇ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಗುರುವೃಂದದ ಸ್ಮರಣೆ, ಸಹಪಾಠಿಗಳ ನೆನಪು, ಶಾಲೆ ನಡೆದು ಬಂದ ದಾರಿ ಇವುಗಳಿಗೆ ಅಗ್ರಪೂಜೆ ಸಲ್ಲುವುದು ಉಚಿತವೇ. ಆ ಬರಹಗಳ ನಡುವೆ ಲಂಚದ ವಿಚಾರವನ್ನು ತಂದಿರಿಸುವುದು ಮಂಗಳಕಾರ್ಯದಲ್ಲಿ ಅಪಶಬ್ದ ನುಡಿದಂತೆ ಕೆಲವರಿಗೆ ತೋರಬಹುದು. ಆದರೂ ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಹೊರಬಂದ ನಮ್ಮಲ್ಲಿ ಕೆಲವರು ಸರ್ಕಾರಿ ಕಚೇರಿಗಳ ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದೇವೆ. ಉಳಿದವರು ಅದೇ ಮೇಜಿನ ಈಚೆ ಬದಿಯಲ್ಲಿ ಅರ್ಜಿ ಹಿಡಿದು ನಿಂತಿದ್ದೇವೆ. ಎರಡೂ ಬದಿಯವರು ಒಂದೇ ಪುಟವನ್ನು ಓದುವ ಸಂದರ್ಭ ಅಪರೂಪ. ಆದುದರಿಂದ ಈ ಮಾತನ್ನು ಇಲ್ಲಿಯೇ ಎತ್ತುವುದು ಸೂಕ್ತವೆಂದು ಭಾವಿಸಿದ್ದೇನೆ.

ಭ್ರಷ್ಟಾಚಾರದ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ‘ಎಲ್ಲರ ಮನೆಯ ದೋಸೆಯೂ ತೂತೇ’ ಎಂಬುದು. ಅಮೆರಿಕದಲ್ಲಿಯೂ ಇದೆ, ಜಪಾನಿನಲ್ಲಿಯೂ ಇದೆ, ಇಲ್ಲಿಯೂ ಇದೆ. ಅಧಿಕಾರ ಇರುವಲ್ಲಿ ಲೋಭ ಇದ್ದೇ ಇರುತ್ತದೆ ಎಂದು ಹೇಳಿ ನಿಟ್ಟುಸಿರು ಬಿಡುವ ಬಗೆ ಇದು. ಎರಡನೆಯದು, ‘ನಮ್ಮ ಜನವೇ ಹೀಗೆ’ ಎಂಬುದು. ಹೊರದೇಶಗಳಲ್ಲಿ ಜನ ಪ್ರಾಮಾಣಿಕರು, ನಮ್ಮ ರಕ್ತದಲ್ಲಿಯೇ ಈ ರೋಗವಿದೆ ಎಂದು ಹಣೆ ಚಚ್ಚಿಕೊಳ್ಳುವ ಬಗೆ ಇದು. ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾದ ಮಾತುಗಳು. ಆದರೆ ಇವುಗಳ ಫಲ ಒಂದೇ. ಎಲ್ಲೆಡೆಯೂ ಒಂದೇ ಎಂದಾದರೆ ತಿದ್ದುವ ಅಗತ್ಯವಿಲ್ಲ. ರಕ್ತದಲ್ಲಿಯೇ ಇದೆ ಎಂದಾದರೆ ತಿದ್ದುವ ಸಾಧ್ಯತೆಯೇ ಇಲ್ಲ. ಎರಡೂ ನಮ್ಮನ್ನು ಕೈಕಟ್ಟಿ ಕುಳ್ಳಿರಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಎರಡೂ ಸುಳ್ಳು. ಹೇಗೆಂಬುದನ್ನು ಒಂದೊಂದಾಗಿ ವಿಚಾರ ಮಾಡೋಣ.

ರಾಜಕೀಯ ಭ್ರಷ್ಟಾಚಾರ ಎಲ್ಲ ದೇಶಗಳಲ್ಲಿಯೂ ಸಮಾನವಾಗಿದೆಯೇ? ಇಲ್ಲ. ಜರ್ಮನಿಯ ಬರ್ಲಿನ್ ನಗರದಲ್ಲಿ 1993ರಲ್ಲಿ ಸ್ಥಾಪನೆಗೊಂಡ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1995ರಿಂದ ರಾಷ್ಟ್ರಗಳ ಸೂಚ್ಯಂಕವೊಂದನ್ನು ಪ್ರಕಟಿಸುತ್ತಿದೆ. ಆರಂಭದ ವರ್ಷ ಅದರಲ್ಲಿ 41 ರಾಷ್ಟ್ರಗಳಿದ್ದವು. 2024ರ ಪಟ್ಟಿಯಲ್ಲಿ 180. ನೂರು ಅಂಕ ಎಂದರೆ ಅತ್ಯಂತ ಶುಭ್ರ, ಸೊನ್ನೆ ಎಂದರೆ ಕಡು ಭ್ರಷ್ಟ. ಆ ವರ್ಷ ಡೆನ್ಮಾರ್ಕ್ 90, ಫಿನ್ಲೆಂಡ್ 88, ಸಿಂಗಪುರ 84 ಅಂಕಗಳನ್ನು ಪಡೆದವು. ಭಾರತಕ್ಕೆ ದೊರೆತದ್ದು 38; ಕಟ್ಟಕಡೆಯ ದಕ್ಷಿಣ ಸುಡಾನಿಗೆ ಕೇವಲ 8. ಇಷ್ಟು ಅಂತರವನ್ನು ‘ಎಲ್ಲೆಡೆಯೂ ಒಂದೇ’ ಎಂಬ ಒಂದು ಮಾತಿನಿಂದ ಅಳಿಸಿಹಾಕಲಾಗದು. ಜನನ ಪ್ರಮಾಣಪತ್ರಕ್ಕಾಗಿ ಗುಮಾಸ್ತನ ಕೈ ಬಿಸಿ ಮಾಡಬೇಕೆಂಬ ಯೋಚನೆಯೇ ಕೋಪನ್‌ಹೇಗನ್ನಿನ ತಾಯಿಗೆ ಬರುವುದಿಲ್ಲ. ತೂತು ಇರಬಹುದು, ಆದರೆ ಒಂದು ದೋಸೆಯಲ್ಲಿ ಸೂಜಿಮೊನೆಯಷ್ಟು, ಇನ್ನೊಂದರಲ್ಲಿ ದೋಸೆಯೇ ಕಾಣದಷ್ಟು.

ಆದರೆ ಈ ಪಟ್ಟಿಯನ್ನು ವೇದವಾಕ್ಯವೆಂದು ಸ್ವೀಕರಿಸುವುದೂ ವಿವೇಕವಲ್ಲ. ಅದು ಅಳೆಯುವುದು ಪರಿಣತರ ಮತ್ತು ವ್ಯಾಪಾರೋದ್ಯಮಿಗಳ ಗ್ರಹಿಕೆಯನ್ನು, ಕೈಬದಲಾದ ಹಣವನ್ನಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಲಂಚ ಪಡೆಯುವ ದೇಶವನ್ನು ಗುರುತಿಸುತ್ತದೆಯೇ ಹೊರತು ಲಂಚದ ಹಣವನ್ನು ಬಚ್ಚಿಟ್ಟುಕೊಳ್ಳುವ ದೇಶವನ್ನಲ್ಲ. ನೈಜೀರಿಯವನ್ನು 1993ರಿಂದ 1998ರವರೆಗೆ ಆಳಿದ ಸೇನಾಧಿಕಾರಿ ಸಾನಿ ಅಬಾಚಾ ಲೂಟಿ ಮಾಡಿದ ಕೋಟ್ಯಂತರ ಡಾಲರುಗಳಲ್ಲಿ ಬಹುಭಾಗ ಆಫ್ರಿಕದಲ್ಲಿ ಉಳಿಯಲಿಲ್ಲ. ಸ್ವಿಟ್ಜರ್‌ಲೆಂಡ್ ಮುಂತಾದ ಯುರೋಪಿನ ಬ್ಯಾಂಕುಗಳಿಗೆ ಹೋಗಿ ಸೇರಿತು. ಫಿಲಿಪ್ಪೀನ್ಸಿನ ಸರ್ವಾಧಿಕಾರಿ ಮಾರ್ಕೋಸ್ 1986ರಲ್ಲಿ ಪದಚ್ಯುತನಾದ ಬಳಿಕ ಆತನ ಸ್ವಿಸ್ ಠೇವಣಿಗಳು ಸರ್ಕಾರಕ್ಕೆ ಸೇರತಕ್ಕವು ಎಂಬ ಅಂತಿಮ ತೀರ್ಪು ಆ ದೇಶದ ಸರ್ವೋಚ್ಚ ನ್ಯಾಯಾಲಯದಿಂದ ಹೊರಬಿದ್ದದ್ದು 2003ರಲ್ಲಿ. ಹದಿನೇಳು ವರ್ಷಗಳ ಕಾಯುವಿಕೆ ಅದು. ಸೂಚ್ಯಂಕದ ಶಿಖರದಲ್ಲಿರುವ ಡೆನ್ಮಾರ್ಕಿನ ಅತಿದೊಡ್ಡ ಬ್ಯಾಂಕಾದ ಡಾನ್ಸ್ಕೆ ಬ್ಯಾಂಕಿನ ಎಸ್ಟೋನಿಯ ಶಾಖೆಯ ಮೂಲಕ 2007ರಿಂದ 2015ರ ಅವಧಿಯಲ್ಲಿ ಸುಮಾರು 200 ಬಿಲಿಯನ್ ಯೂರೋ ಹಣ ಹರಿದುಹೋಯಿತು. ಅದರಲ್ಲಿ ಬಹುಪಾಲು ಸಂಶಯಾಸ್ಪದ. ಆ ಬ್ಯಾಂಕು 2022ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸುಮಾರು 200 ಕೋಟಿ ಡಾಲರ್ ತೆರಬೇಕಾಯಿತು. ಜರ್ಮನಿಯಲ್ಲಂತೂ 1999ರವರೆಗೆ ಪರದೇಶದ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಬಹುದಾಗಿತ್ತು! ತನ್ನ ಅಂಗಳವನ್ನು ಗುಡಿಸಿ ಕಸವನ್ನು ನೆರೆಯವನ ಹಿತ್ತಲಿಗೆ ಚೆಲ್ಲುವವನನ್ನು ಶುಚಿಗಾರನೆಂದು ಕರೆಯುವುದು ಹೇಗೆ?

ಇನ್ನೊಂದು ತೊಡಕೂ ಇದೆ. ಒಂದು ದೇಶದಲ್ಲಿ ಅಪರಾಧವೆನಿಸಿದ್ದು ಮತ್ತೊಂದು ದೇಶದಲ್ಲಿ ಕಾನೂನುಬದ್ಧವಾಗಿರಬಹುದು. ಚುನಾವಣೆಗಳಲ್ಲಿ ಕಂಪನಿಗಳು ಮತ್ತು ಸಂಘಗಳು ಸ್ವತಂತ್ರವಾಗಿ ಮಾಡುವ ವೆಚ್ಚಕ್ಕೆ ಮಿತಿ ಹಾಕಲಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತಿತು. ನಮ್ಮಲ್ಲಿ, ದಾನಿಯ ಹೆಸರನ್ನು ಮತದಾರನಿಂದ ಮರೆಮಾಡುತ್ತಿದ್ದ ಚುನಾವಣಾ ಬಾಂಡುಗಳ ಯೋಜನೆ 2018ರಲ್ಲಿ ಜಾರಿಗೆ ಬಂದು, 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರವೆಂದು ರದ್ದುಪಡಿಸುವವರೆಗೆ ಕಾನೂನಿನ ನೆರಳಿನಲ್ಲಿಯೇ ನಡೆಯಿತು. ಲಕೋಟೆಯಲ್ಲಿ ಬಂದರೆ ಲಂಚ, ರಸೀದಿಯೊಡನೆ ಬಂದರೆ ದೇಣಿಗೆ ಎಂಬ ವಿಭಜನೆ ಎಷ್ಟು ತೆಳುವಾದುದು ಎಂಬುದನ್ನು ಓದುಗರು ಊಹಿಸಬಲ್ಲರು.

ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಸತ್ಯ ಉಳಿಯುತ್ತದೆ. ಆಸ್ಪತ್ರೆಯಲ್ಲಿ, ಪೋಲೀಸು ಠಾಣೆಯಲ್ಲಿ, ನೋಂದಣಿ ಕಚೇರಿಯಲ್ಲಿ ಬಡವನ ಕಿಸೆಗೆ ಕೈಹಾಕುವ ಭ್ರಷ್ಟತೆ ಕೆಲವು ದೇಶಗಳಲ್ಲಿ ಬಹುಮಟ್ಟಿಗೆ ಇಲ್ಲ, ಕೆಲವು ದೇಶಗಳಲ್ಲಿ ನಿತ್ಯಜೀವನದ ಭಾಗವಾಗಿದೆ. ಹಾಗಾದರೆ ಈ ಅಂತರಕ್ಕೆ ಕಾರಣವೇನು? ಜನರ ಸ್ವಭಾವವೇ?

ಇಂಗ್ಲೆಂಡಿನ ಚರಿತ್ರೆಯನ್ನು ತೆರೆದು ನೋಡಿದರೆ ಈ ಊಹೆ ನಿಲ್ಲುವುದಿಲ್ಲ. 1832ರ ಸುಧಾರಣೆಗೆ ಮೊದಲು, ಜನವಸತಿಯೇ ಇಲ್ಲದ ಓಲ್ಡ್ ಸೇರಂ ಎಂಬ ಹಾಳೂರು ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. ಸೇನಾಧಿಕಾರಿಯ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿ 1871ರವರೆಗೆ ನಡೆದಿತ್ತು. ಮತಕ್ಕೆ ಬೆಲೆ ಕಟ್ಟುವುದು, ಮತದಾರರಿಗೆ ಮದ್ಯ ಸುರಿಯುವುದು ಅಲ್ಲಿನ ಚುನಾವಣೆಯ ಶಿಷ್ಟಾಚಾರವೇ ಆಗಿತ್ತು. ಅದನ್ನು ಕುಗ್ಗಿಸಿದ್ದು ಇಂಗ್ಲಿಷರ ರಕ್ತದಲ್ಲಿ ಆದ ಯಾವುದೋ ಮಾರ್ಪಾಡಲ್ಲ. ಸರ್ಕಾರಿ ನೌಕರಿಗೆ ಸ್ಪರ್ಧಾ ಪರೀಕ್ಷೆಯೇ ಮಾರ್ಗವಾಗಬೇಕೆಂದ 1854ರ ವರದಿ, 1872ರ ಗುಪ್ತ ಮತದಾನ ಕಾಯ್ದೆ, ಚುನಾವಣಾ ವೆಚ್ಚಕ್ಕೆ ಮಿತಿ ಹಾಕಿದ 1883ರ ಕಾಯ್ದೆ ಇವು ಒಂದರ ಮೇಲೊಂದು ಕಟ್ಟಿದ ಕಟ್ಟೆಗಳಾದವು. ಮತ ಗುಪ್ತವಾದ ಮೇಲೆ, ಕೊಂಡವನಿಗೆ ತಾನು ಕೊಂಡ ಸರಕು ಕೈಸೇರಿತೋ ಇಲ್ಲವೋ ತಿಳಿಯದಾಯಿತು. ವ್ಯಾಪಾರ ಕ್ರಮೇಣ ಕುಸಿಯಿತು.

ಸ್ವಭಾವಕ್ಕೆ ಯಾವ ಪಾತ್ರವೂ ಇಲ್ಲವೆಂದು ವಾದಿಸುವುದೂ ತಪ್ಪಾದೀತು. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರಾದ ಫಿಸ್ಮನ್ ಮತ್ತು ಮಿಗ್ವೆಲ್ ನಡೆಸಿದ ಸ್ವಾರಸ್ಯಕರವಾದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. ನ್ಯೂಯಾರ್ಕ್ ನಗರದಲ್ಲಿ ವಿಶ್ವಸಂಸ್ಥೆಯ ರಾಜತಾಂತ್ರಿಕರು ತಮ್ಮ ಮೋಟಾರುಗಳನ್ನು ಎಲ್ಲಿ ಬೇಕಾದಲ್ಲಿ ನಿಲ್ಲಿಸಿದರೂ ದಂಡ ತೆರಬೇಕಾಗಿರಲಿಲ್ಲ. ರಾಜತಾಂತ್ರಿಕ ರಕ್ಷಣೆ ಅವರಿಗಿತ್ತು. 1997ರಿಂದ 2002ರವರೆಗಿನ ಐದು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದಂಡದ ಚೀಟಿಗಳು ಪಾವತಿಯಾಗದೆ ಉಳಿದವು. ಕುವೈತ್, ಈಜಿಪ್ಟ್ ಮುಂತಾದ ದೇಶಗಳವರ ಹೆಸರಿನಲ್ಲಿ ರಾಶಿರಾಶಿ ಚೀಟಿಗಳಿದ್ದರೆ, ಸ್ವೀಡನ್, ನಾರ್ವೆ ದೇಶಗಳವರ ಹೆಸರಿನಲ್ಲಿ ಒಂದೂ ಇರಲಿಲ್ಲ. ಶಿಕ್ಷೆಯ ಭಯವಿಲ್ಲದಿದ್ದಾಗಲೂ ಮನೆಯ ಅಭ್ಯಾಸ ಜೊತೆಯಲ್ಲಿಯೇ ಬರುತ್ತದೆ ಎಂಬುದು ಇದರ ಒಂದು ಪಾಠ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2002ರ ಕೊನೆಯಲ್ಲಿ, ದಂಡ ಬಾಕಿ ಇರಿಸಿಕೊಂಡವರ ರಾಜತಾಂತ್ರಿಕ ನಂಬರ್ ಪ್ಲೇಟುಗಳನ್ನು ಕಿತ್ತುಕೊಳ್ಳುವ ಅಧಿಕಾರ ನಗರಾಡಳಿತಕ್ಕೆ ದೊರೆಯಿತು. ಕೂಡಲೇ ಉಲ್ಲಂಘನೆಗಳು ಶೇಕಡಾ 98ರಷ್ಟು ಇಳಿದುಹೋದವು. ಮೂರು ಪೀಳಿಗೆಗಳ ಅಭ್ಯಾಸವೆನಿಸಿದ್ದು ಮೂರು ತಿಂಗಳಲ್ಲಿ ಬಾಗಿತು. ಅಭ್ಯಾಸ ಬಲವುಳ್ಳದ್ದು ನಿಜ. ಆದರೆ ಖಚಿತವಾದ ಶಿಕ್ಷೆ ಅದಕ್ಕಿಂತ ಬಲವುಳ್ಳದ್ದು.

ಮೋಟಾರು ನಿಲ್ಲಿಸುವುದು ಸಣ್ಣ ಸಂಗತಿ, ಇಡೀ ಸಮಾಜವನ್ನು ಹೀಗೆ ತಿರುಗಿಸಲು ಸಾಧ್ಯವೇ ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರವಾಗಿ, ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸಿನ ಸಂಸ್ಥೆಯೊಂದರ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ. ಅದು ಹಾಂಗ್‌ಕಾಂಗಿನದು.

ಬ್ರಿಟಿಷರ ವಸಾಹತಾಗಿದ್ದ ಹಾಂಗ್‌ಕಾಂಗಿನಲ್ಲಿ 1970ರ ಸುಮಾರಿಗೆ ಲಂಚವಿಲ್ಲದೆ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ರೋಗಿಯನ್ನು ಕರೆದೊಯ್ಯುವ ಆಂಬುಲೆನ್ಸಿನವರು ‘ಚಹಾ ಕಾಸು’ ಕೇಳುತ್ತಿದ್ದರು. ಆಸ್ಪತ್ರೆಯ ಆಯಾ ಒಂದು ಲೋಟ ನೀರು ಕೊಡುವುದಕ್ಕೂ ಕೈಚಾಚುತ್ತಿದ್ದಳು. ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಮೊದಲು ಹಣ ಎಣಿಸಿಕೊಂಡು ಆಮೇಲೆ ನೀರು ಬಿಡುತ್ತಿದ್ದರು ಎಂಬ ಮಾತು ಜನಜನಿತವಾಗಿತ್ತು. ಪೋಲೀಸರಲ್ಲಿ ಮಾಮೂಲು ವಸೂಲಿ ಮಾಡುವ ಗುಂಪುಗಳೇ ಇದ್ದವು. ಅವರ ನಡುವೆ ಒಂದು ನಾಣ್ಣುಡಿ ಹುಟ್ಟಿಕೊಂಡಿತ್ತು: ಬಸ್ಸು ಹತ್ತು, ಹತ್ತಲಾರೆಯಾದರೆ ಪಕ್ಕದಲ್ಲಿ ಓಡು, ಆದರೆ ಬಸ್ಸಿನ ಮುಂದೆ ಮಾತ್ರ ನಿಲ್ಲಬೇಡ. ಲಂಚದಲ್ಲಿ ಪಾಲುಗೊಳ್ಳು, ಇಲ್ಲವೇ ಕಣ್ಣು ಮುಚ್ಚಿಕೊ, ಎದುರು ನಿಂತರೆ ನಜ್ಜುಗುಜ್ಜಾಗುವೆ ಎಂಬುದು ಇದರ ತಾತ್ಪರ್ಯ. ಚೀನೀಯರ ಸ್ವಭಾವವೇ ಹೀಗೆ, ಉಡುಗೊರೆ ಕೊಡುವುದು ಅವರ ಸಂಸ್ಕೃತಿ ಎಂದು ಹೇಳುವ ಪಂಡಿತರಿಗೆ ಆಗಲೂ ಕೊರತೆಯಿರಲಿಲ್ಲ.

ಆದರೆ ಕಟ್ಟೆಯೊಡೆಯಲು ಕಾರಣನಾದವನು ಚೀನೀಯನಲ್ಲ. ಪೀಟರ್ ಗಾಡ್ಬರ್ ಎಂಬ ಬ್ರಿಟಿಷ್ ಪೋಲೀಸು ಅಧಿಕಾರಿ. ಆತನ ಬಳಿ 43 ಲಕ್ಷ ಹಾಂಗ್‌ಕಾಂಗ್ ಡಾಲರುಗಳಿಗೂ ಮಿಕ್ಕ ಆಸ್ತಿ ಪತ್ತೆಯಾಯಿತು. ವಿವರಣೆ ನೀಡಲು ಒಂದು ವಾರದ ಗಡುವು ಕೊಟ್ಟರೆ, ಆತ ತನ್ನ ಪೋಲೀಸು ಗುರುತುಚೀಟಿಯ ಬಲದಿಂದಲೇ ವಿಮಾನ ನಿಲ್ದಾಣದ ತಪಾಸಣೆಯನ್ನು ದಾಟಿ 1973ರ ಜೂನ್ 8ರಂದು ಇಂಗ್ಲೆಂಡಿಗೆ ಪರಾರಿಯಾದ. ಬೇಲಿಯೇ ಎದ್ದು ಹೊಲ ಮೇಯ್ದು, ಆಮೇಲೆ ಹೊಲದ ಗೇಟಿನಿಂದಲೇ ಸಲಾಮು ಪಡೆದು ಹೊರನಡೆದಂತಾಯಿತು. ವಿದ್ಯಾರ್ಥಿಗಳೂ ಸಾರ್ವಜನಿಕರೂ ಬೀದಿಗಿಳಿದರು. ಗಾಡ್ಬರನನ್ನು ಹಿಡಿದು ತನ್ನಿ ಎಂಬ ಕೂಗು ಎದ್ದಿತು. ನ್ಯಾಯಮೂರ್ತಿ ಬ್ಲೇರ್-ಕೆರ್ ವಿಚಾರಣೆ ನಡೆಸಿ ವರದಿ ಕೊಟ್ಟರು. ಗವರ್ನರ್ ಮಕ್ಲಿಹೋಸ್ ಅವರು 1974ರ ಫೆಬ್ರವರಿ 15ರಂದು ಸ್ವತಂತ್ರ ಭ್ರಷ್ಟಾಚಾರ ನಿಗ್ರಹ ಆಯೋಗವನ್ನು ಸ್ಥಾಪಿಸಿದರು. 1975ರ ಜನವರಿಯಲ್ಲಿ ಗಾಡ್ಬರನನ್ನು ಇಂಗ್ಲೆಂಡಿನಿಂದ ಮರಳಿ ತರಲಾಯಿತು. ಅದೇ ವರ್ಷ ಆತನಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲಾಯಿತು. ಪರಾರಿಯಾದಂದಿನಿಂದ ಶಿಕ್ಷೆಯಾಗುವವರೆಗೆ ಎರಡು ವರ್ಷಗಳೂ ಹಿಡಿಯಲಿಲ್ಲ. ಈ ಅವಧಿಯನ್ನು ಓದುಗರು ನೆನಪಿನಲ್ಲಿರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಆಯೋಗದ ಯಶಸ್ಸಿನ ಗುಟ್ಟೇನು? ಮೊದಲನೆಯದಾಗಿ, ಲಂಚದ ತನಿಖೆಯನ್ನು ಪೋಲೀಸರ ಕೈಯಿಂದ ಕಿತ್ತು, ಗವರ್ನರರಿಗೆ ಮಾತ್ರ ಉತ್ತರದಾಯಿಯಾದ ಪ್ರತ್ಯೇಕ ಸಂಸ್ಥೆಗೆ ವಹಿಸಲಾಯಿತು. ಎರಡನೆಯದಾಗಿ, ಆದಾಯಕ್ಕೆ ಮೀರಿದ ಆಸ್ತಿ ಹೇಗೆ ಬಂತೆಂದು ವಿವರಿಸುವ ಹೊಣೆ ಅಧಿಕಾರಿಯ ಮೇಲೆಯೇ ಬಿತ್ತು. 1971ರ ಕಾಯ್ದೆ ಇದಕ್ಕೆ ಆಧಾರವಾಯಿತು. ಮೂರನೆಯದಾಗಿ, ಹಿಡಿಯುವುದರ ಜೊತೆಗೆ ತಡೆಯುವ ಕೆಲಸವೂ ನಡೆಯಿತು. ಯಾವ ಇಲಾಖೆಯಲ್ಲಿ ಯಾವ ಕಾಗದ ಎಷ್ಟು ಮೇಜುಗಳನ್ನು ಸುತ್ತುತ್ತದೆ, ಯಾವ ಗುಮಾಸ್ತನ ಮರ್ಜಿಗೆ ಎಷ್ಟು ಎಡೆಯಿದೆ ಎಂಬುದನ್ನು ಪರಿಶೀಲಿಸಿ ನಿಯಮಗಳನ್ನು ಸರಳಗೊಳಿಸಲಾಯಿತು. ನಾಲ್ಕನೆಯದಾಗಿ, ಶಾಲೆಗಳಲ್ಲಿ, ಬಡಾವಣೆಗಳಲ್ಲಿ, ದೂರದರ್ಶನದ ನಾಟಕಗಳ ಮೂಲಕ ಜನರಿಗೆ ತಿಳಿವಳಿಕೆ ನೀಡಲಾಯಿತು. ಕೊನೆಯದಾಗಿ, ಈ ಆಯೋಗವೇ ದಾರಿ ತಪ್ಪದಂತೆ ಅದರ ಮೇಲೆ ನಾಗರಿಕರನ್ನೊಳಗೊಂಡ ಸಮಿತಿಗಳ ಕಣ್ಣಿತ್ತು. ಮೊಕದ್ದಮೆ ಹೂಡುವ ನಿರ್ಧಾರ ಬೇರೆಯವರ ಕೈಯಲ್ಲಿತ್ತು.

ದಾರಿ ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. 1977ರ ಅಕ್ಟೋಬರಿನಲ್ಲಿ ಪೋಲೀಸರು ದಂಗೆಯೆದ್ದು ಆಯೋಗದ ಕಚೇರಿಗೇ ನುಗ್ಗಿದರು. ಗವರ್ನರರು ಒಂದು ಹೆಜ್ಜೆ ಹಿಂದೆ ಸರಿದು, ಅದೇ ವರ್ಷದ ಜನವರಿ 1ಕ್ಕೆ ಹಿಂದಿನ ಅಪರಾಧಗಳಲ್ಲಿ ಬಹಳಷ್ಟನ್ನು ಕೈಬಿಡುವುದಾಗಿ ಸಾರಬೇಕಾಯಿತು. ಎಷ್ಟೋ ಕಳ್ಳರು ಹೀಗೆ ಪಾರಾದರು. ಅದು ಅನ್ಯಾಯವೇ, ಆದರೆ ಹಳೆಯ ಲೆಕ್ಕವನ್ನು ಅರ್ಧಕ್ಕೆ ಮಡಿಸಿ, ಮುಂದಿನ ಲೆಕ್ಕದಲ್ಲಿ ಒಂದು ಕಾಸನ್ನೂ ಬಿಡದಿರುವ ದೃಢತೆ ಅಲ್ಲಿ ಕಂಡುಬಂತು. 2014ರಲ್ಲಿ ಅಲ್ಲಿಯ ಆಡಳಿತದ ಎರಡನೇ ಸ್ಥಾನದಲ್ಲಿದ್ದ ಮಾಜಿ ಮುಖ್ಯ ಕಾರ್ಯದರ್ಶಿ ರಾಫೆಲ್ ಹುಯಿ ಅವರೂ ಲಂಚದ ಪ್ರಕರಣದಲ್ಲಿ ಏಳೂವರೆ ವರ್ಷಗಳ ಶಿಕ್ಷೆಗೆ ಗುರಿಯಾದರು. 2024ರ ಸೂಚ್ಯಂಕದಲ್ಲಿ ಹಾಂಗ್‌ಕಾಂಗಿನ ಅಂಕ 74. ಅದೇ ಜನ, ಅದೇ ಭಾಷೆ, ಅದೇ ಉಡುಗೊರೆಯ ಸಂಸ್ಕೃತಿ, ಬದಲಾದದ್ದು ವ್ಯವಸ್ಥೆ. ಒಂದು ಪೀಳಿಗೆಯೊಳಗೆ ಬಸ್ಸಿನ ಮುಂದೆ ನಿಲ್ಲುವವರು ಹುಟ್ಟಿಕೊಂಡರು. ಲಂಚಮುಕ್ತ ಆಡಳಿತವೇ ಸ್ವತಂತ್ರ ಆಡಳಿತವೆಂದು ಮಾತ್ರ ತಿಳಿಯಬಾರದು. ಹಾಂಗ್‌ಕಾಂಗಿನ ನಾಗರಿಕ ಸ್ವಾತಂತ್ರ್ಯಗಳು 2020ರ ರಾಷ್ಟ್ರೀಯ ಭದ್ರತಾ ಕಾಯ್ದೆಯ ಬಳಿಕ ಬಹಳವಾಗಿ ಕುಗ್ಗಿವೆ. ಎರಡೂ ಬೇರೆ ಬೇರೆ ವರಗಳು. ಪ್ರಜೆಗೆ ಎರಡೂ ಬೇಕು.

ಇದಕ್ಕೆ ಎದುರಾಗಿ ಇಟಲಿಯ ದೃಷ್ಟಾಂತವೂ ಇದೆ. 1992ರ ಫೆಬ್ರವರಿ 17ರಂದು ಮಿಲಾನ್ ನಗರದ ವೃದ್ಧಾಶ್ರಮವೊಂದರ ಮುಖ್ಯಸ್ಥ ಲಂಚ ಪಡೆಯುತ್ತಿದ್ದಾಗ ಸಿಕ್ಕಿಬಿದ್ದ. ಆ ಎಳೆಯನ್ನು ಹಿಡಿದು ಎಳೆದಾಗ ಇಡೀ ರಾಜಕಾರಣವೇ ಬಿಚ್ಚಿಕೊಂಡಿತು. ಎರಡು ವರ್ಷಗಳೊಳಗೆ ದಶಕಗಳ ಕಾಲ ಆಳಿದ ಪಕ್ಷ ಕಣ್ಮರೆಯಾಯಿತು. ಮಾಜಿ ಪ್ರಧಾನಿ ಕ್ರಾಕ್ಸಿ ಟ್ಯುನೀಸಿಯಕ್ಕೆ ಹೋಗಿ 2000ದಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ವೀರಾವೇಶದ ಆ ಕಾರ್ಯಾಚರಣೆಯ ನಂತರವೂ, ಮೂವತ್ತೆರಡು ವರ್ಷಗಳ ಬಳಿಕ, ಶ್ರೀಮಂತ ರಾಷ್ಟ್ರವಾದ ಇಟಲಿಯ ಅಂಕ 54 ಮಾತ್ರ. ಕಳ್ಳರನ್ನು ಬಿಡಿಬಿಡಿಯಾಗಿ ಹಿಡಿದರೆ ಸಾಲದು, ಕನ್ನದ ಕಿಂಡಿಯನ್ನೂ ಮುಚ್ಚಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸಿರಿತನವೂ ತನ್ನಷ್ಟಕ್ಕೆ ಪ್ರಾಮಾಣಿಕತೆಯನ್ನು ತರುವುದಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಸಂತಾನಂ ಸಮಿತಿಯ ಶಿಫಾರಸಿನ ಮೇಲೆ ಕೇಂದ್ರ ಜಾಗೃತ ಆಯೋಗ 1964ರಲ್ಲಿಯೇ, ಹಾಂಗ್‌ಕಾಂಗಿಗಿಂತ ಹತ್ತು ವರ್ಷ ಮೊದಲೇ ಹುಟ್ಟಿತು. ಆದರೆ ಲೋಕಪಾಲ ಮಸೂದೆ ಲೋಕಸಭೆಯಲ್ಲಿ ಮೊದಲ ಬಾರಿ ಮಂಡನೆಯಾದದ್ದು 1968ರಲ್ಲಿ, ಕಾಯ್ದೆಯಾದದ್ದು 2013ರಲ್ಲಿ, ಮೊದಲ ಲೋಕಪಾಲರ ನೇಮಕವಾದದ್ದು 2019ರ ಮಾರ್ಚಿನಲ್ಲಿ. ಅಂದರೆ ಮಸೂದೆಯೊಂದು ತನ್ನ ಸುವರ್ಣ ಮಹೋತ್ಸವವನ್ನು ಪೂರೈಸಿದ ಮೇಲೆ ಅದಕ್ಕೆ ಕುಳಿತುಕೊಳ್ಳಲು ಕುರ್ಚಿ ಸಿಕ್ಕಿತು! ನಮ್ಮ ಶಾಲೆಯೇ ಅದಕ್ಕಿಂತ ಚುರುಕಾಗಿ ನಡೆದಿದೆ ಎಂದು ಹೆಮ್ಮೆಯಿಂದ ಹೇಳಬಹುದು.

ದೂರದ ಉದಾಹರಣೆಗಳೇಕೆ? ನಮ್ಮ ರಾಯದುರ್ಗದ ಸೀಮೆಯಲ್ಲಿಯೇ, ಡಿ. ಹೀರೇಹಾಳು ಮಂಡಲದ ಓಬಳಾಪುರದ ಗುಡ್ಡಗಳಿವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆ ಉಳಿದು, ಬಳ್ಳಾರಿ ಆ ಕಡೆ ಹೋಯಿತು. ಆ ಗಡಿಯ ಒಂದೊಂದು ಗೇಣಿಗೂ ಎರಡು ಭಾಷೆಗಳ ಜನ ಎಷ್ಟು ವಾದಿಸಿದರು, ಎಷ್ಟು ನೊಂದರು ಎಂಬುದು ಹಿರಿಯರಿಗೆ ಗೊತ್ತು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂದ ಕಾಲದಲ್ಲಿ, ಹೀಗೆ ಕಣ್ಣೀರಿನಿಂದ ಎಳೆದ ಗಡಿಯ ಗುರುತುಗಳೇ ಗಣಿಗಾರಿಕೆಯ ಭರಾಟೆಯಲ್ಲಿ ಅಳಿಸಿಹೋದವು ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಭಾರತೀಯ ಸರ್ವೇಕ್ಷಣಾ ಇಲಾಖೆ ಗಡಿಯನ್ನು ಮತ್ತೆ ಅಳೆಯಬೇಕಾಯಿತು. ಆಚೆಯ ಬಳ್ಳಾರಿ ಭಾಗದ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟ ಸುಮಾರು 16,085 ಕೋಟಿ ರೂಪಾಯಿ ಎಂದು ಕರ್ನಾಟಕದ ಲೋಕಾಯುಕ್ತರ 2011ರ ವರದಿ ಅಂದಾಜು ಮಾಡಿತು. ಭಾಷೆಯ ಹೆಸರಿನಲ್ಲಿ ಬಡವರು ಬಡಿದಾಡಿದ ಗಡಿಯನ್ನು ಅದಿರಿನ ಲಾರಿಗಳು ಕನ್ನಡವೆಂದೂ ನೋಡಲಿಲ್ಲ, ತೆಲುಗೆಂದೂ ನೋಡಲಿಲ್ಲ.

ಓಬಳಾಪುರದ ಪ್ರಕರಣವನ್ನು ಸಿಬಿಐ ದಾಖಲಿಸಿಕೊಂಡದ್ದು 2009ರಲ್ಲಿ. ಹೈದರಾಬಾದಿನ ವಿಶೇಷ ನ್ಯಾಯಾಲಯ ಕೆಲವರನ್ನು ಅಪರಾಧಿಗಳೆಂದು ಸಾರಿ ಏಳು ವರ್ಷಗಳ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮುಂದಿನ ತಿಂಗಳಲ್ಲಿಯೇ ಹೈಕೋರ್ಟು ಆ ಶಿಕ್ಷೆಯನ್ನು ಮೇಲ್ಮನವಿಯ ಹಂತದಲ್ಲಿ ಅಮಾನತಿನಲ್ಲಿರಿಸಿತು. ಯಾರು ಅಪರಾಧಿ, ಯಾರು ಅಲ್ಲ ಎಂಬುದನ್ನು ನ್ಯಾಯಾಲಯಗಳೇ ನಿರ್ಣಯಿಸಲಿ. ಅದು ನನ್ನ ವಿಷಯವಲ್ಲ. ನನ್ನ ವಿಷಯ ಕಾಲಗಣನೆ. ಅಲ್ಲಿ ಎರಡು ವರ್ಷಕ್ಕೂ ಕಡಿಮೆ; ಇಲ್ಲಿ ಮೊದಲ ತೀರ್ಪಿಗೇ ಹದಿನೈದು ವರ್ಷಗಳಿಗೂ ಹೆಚ್ಚು. ಆರೋಪಿ ನಿರ್ದೋಷಿಯಾಗಿದ್ದರೆ ಆತನಿಗೂ ಇದು ಘೋರ ಅನ್ಯಾಯ. ದೋಷಿಯಾಗಿದ್ದರೆ ಊರಿಗೆ ಅನ್ಯಾಯ. ‘ಕೆಲವು ದೇಶಗಳಲ್ಲಿ ಭ್ರಷ್ಟಾಚಾರ ಹೆಚ್ಚೇಕೆ?’ ಎಂಬ ಪ್ರಶ್ನೆಗೆ ನನಗೆ ತೋಚುವ ಮುಖ್ಯ ಉತ್ತರ ಈ ಅಂತರದಲ್ಲಿಯೇ ಅಡಗಿದೆ. ನಮ್ಮ ಮನುಷ್ಯರು ಕೀಳಲ್ಲ. ನಮ್ಮ ಗಡಿಯಾರ ನಿಧಾನ. ಹಿಡಿಯುವವನ ನೇಮಕ ಹಿಡಿಯಲ್ಪಡಬೇಕಾದವನ ಕೈಯಲ್ಲಿರುವುದು ಆ ಗಡಿಯಾರವನ್ನು ಇನ್ನೂ ನಿಧಾನಗೊಳಿಸುತ್ತದೆ.

ಹಾಗಾದರೆ ಒಂದು ಗಡಿನಾಡ ಕನ್ನಡ ಶಾಲೆಗೂ ಇದಕ್ಕೂ ಏನು ಸಂಬಂಧ? ಸಂಬಂಧವಿದೆ. ಸಣ್ಣ ಲಂಚ ಬೆಳೆಯುವ ಗೊಬ್ಬರದ ಗುಂಡಿ ಎಂದರೆ ಅಜ್ಞಾನ. ಕಾಗದದಲ್ಲಿ ಏನು ಬರೆದಿದೆ ಎಂಬುದು ತಿಳಿಯದವನೇ ದಲ್ಲಾಳಿಯ ಮೊದಲ ಗಿರಾಕಿ. ನಮ್ಮಲ್ಲಿ ಮನೆಯ ಮಾತು ಕನ್ನಡ, ಅಡಂಗಲ್ ಮತ್ತು ಪಾಸ್‌ಪುಸ್ತಕ ತೆಲುಗಿನಲ್ಲಿ, ಮೇಲಿನ ಆದೇಶ ಇಂಗ್ಲಿಷಿನಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯ ರೈತ ಮೀಸೇವ ಕೇಂದ್ರದ ಮುಂದೆ ನಿಂತಾಗ, ಸರ್ಕಾರ ಕೇಳುವ ಶುಲ್ಕ ಎಷ್ಟು, ಪಕ್ಕದಲ್ಲಿ ನಿಂತವನು ಕೇಳುವ ಹಣ ಎಷ್ಟು ಎಂಬುದನ್ನು ಗೋಡೆಯ ಫಲಕದಿಂದ ತಿಳಿಯಲಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥವನ ಬಾಯಿಂದಲೇ ಹುಟ್ಟಿರಬೇಕು.

ಆದರೆ ಆತನ ಕೈ ಬರಿದೇನೂ ಅಲ್ಲ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಮಾಹಿತಿ ಹಕ್ಕು ಕಾಯ್ದೆಯಾದರೋ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೇಳುತ್ತದೆ. ಬರೆಯಲಾಗದವನ ಬಾಯಿಮಾತನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದೂ ಹೇಳುತ್ತದೆ. ಆದ್ದರಿಂದ ನಮ್ಮ ಮಕ್ಕಳಿಗೆ ಕನ್ನಡವನ್ನು ಉಳಿಸಿಕೊಡುವಷ್ಟೇ ಶ್ರದ್ಧೆಯಿಂದ ತೆಲುಗಿನಲ್ಲಿ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯುವುದನ್ನೂ ಕಲಿಸಬೇಕೆಂದು ನಾನು ಹೇಳುತ್ತೇನೆ. ಇದರಿಂದ ಕನ್ನಡಕ್ಕೆ ದ್ರೋಹವಾಗುವುದಿಲ್ಲ. ಮನೆಯ ಬೀಗದ ಕೈಯನ್ನು ಪರರ ಕೈಗೆ ಕೊಡದಿರುವ ಜಾಣತನವಷ್ಟೇ ಇದು.

ಈ ನಿಟ್ಟಿನಲ್ಲಿ ಒಂದು ಸಲಹೆ. ಮಹೋತ್ಸವದ ನೆನಪಿಗೆ ಕಮಾನು, ರಂಗಮಂದಿರಗಳ ಯೋಜನೆಗಳು ಬಂದಿರಬಹುದು, ಬರಲಿ. ಅವುಗಳೊಡನೆ ಹಳೆಯ ವಿದ್ಯಾರ್ಥಿಗಳ ಸಂಘವು ತಿಂಗಳಿಗೊಂದು ಭಾನುವಾರ ಶಾಲೆಯ ಒಂದು ಕೋಣೆಯನ್ನು ತೆರೆದಿರಿಸಲಿ. ಮೇಜಿನ ಆಚೆ ಬದಿಯಲ್ಲಿ ಕುಳಿತು ನಿವೃತ್ತರಾದವರು ಈಚೆ ಬದಿಯಲ್ಲಿ ನಿಂತವರಿಗೆ ಅರ್ಜಿ ಬರೆದುಕೊಡಲಿ. ಯಾವ ಕೆಲಸಕ್ಕೆ ಎಷ್ಟು ಶುಲ್ಕ, ಎಷ್ಟು ದಿನ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಎಂಟನೆಯ ತರಗತಿಯ ಮಕ್ಕಳು ಪಕ್ಕದಲ್ಲಿ ಕುಳಿತು ನೋಡಲಿ. ಇದಕ್ಕೆ ದೇಣಿಗೆ ಬೇಕಿಲ್ಲ, ಮಂತ್ರಿಗಳ ಉದ್ಘಾಟನೆಯೂ ಬೇಕಿಲ್ಲ.

ಈಗಲೂ ಸೇವೆಯಲ್ಲಿರುವ ನಮ್ಮ ಸಹಪಾಠಿಗಳಿಗೆ ಒಂದೇ ವಿನಂತಿ. ಹಾಂಗ್‌ಕಾಂಗಿನ ಕೆಳದರ್ಜೆಯ ಪೋಲೀಸನಿಗೂ ಹೆಂಡತಿ ಮಕ್ಕಳಿದ್ದರು, ಸಾಲವಿತ್ತು, ಮೇಲಧಿಕಾರಿಯ ಒತ್ತಡವಿತ್ತು. ನಿಮಗೂ ಇವೆಲ್ಲ ಇರುವುದನ್ನು ಬಲ್ಲೆ. ವ್ಯವಸ್ಥೆ ಬದಲಾಗುವವರೆಗೆ ಒಬ್ಬನೇ ಬಸ್ಸಿನ ಮುಂದೆ ನಿಲ್ಲಿರೆಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಈ ಶಾಲೆಯ ಮಗುವೊಂದು ತನ್ನ ಅಜ್ಜನಿಗಾಗಿ ಬರೆದ ಅರ್ಜಿ ನಿಮ್ಮ ಮೇಜಿಗೆ ಬಂದ ದಿನ, ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಮಾತನ್ನು ಬದಿಗಿಟ್ಟು, ಆ ಕಾಗದಕ್ಕೆ ಕಾನೂನು ಹೇಳಿದ ದಿನದೊಳಗೆ ರುಜು ಹಾಕಿರಿ. ಇಷ್ಟನ್ನು ಕೇಳುವ ಹಕ್ಕು ನಮ್ಮ ಶಾಲೆಗೆ ಇದೆಯೆಂದು ನಾನು ನಂಬಿದ್ದೇನೆ.